ಐಸಿನ ಮೇಲೆ ಮುಷ್ಕರ

(ನಗರದ ಕಾರ್ಮಿಕ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಹೊತ್ತಿನ ವಿಷಯವನ್ನು ಬಾಗಿಲ ಬಳಿಯ ಹಲಗೆಯ ಮೇಲೆ ಓದಿ ನಮ್ಮ ಮಿತ್ರರೊಬ್ಬರು ನಕ್ಕರು. "ಬೋನಸ್ಸಿನ ಮಾತು ಆಡಬೇಕಾದ ಕಡೆ ಹುಡುಗಿಯರು ಐಸಿನ ಮೇಲೆ ಆಡುವ ಮಾತೇ?" ಎಂದು ಕೇಳಿದರು. ಅವರು ನಕ್ಕದ್ದರಲ್ಲಿ ತಪ್ಪಿಲ್ಲ. ಐಸ್ ಎಂದರೆ ನಮಗೆ ಗೊತ್ತಿರುವುದು ಸೋಡಾ ಅಂಗಡಿಯದು, ಮೀನಿನ ಬುಟ್ಟಿಯದು. ಹಾಕಿ ಎಂದರೆ ಕೊಡಗಿನವರು ಹುಲ್ಲಿನ ಮೇಲೆ ಆಡುವುದು. ಐಸಿನ ಮೇಲೆ ಹಾಕಿ, ಅದೂ ಹೆಣ್ಣುಮಕ್ಕಳ ಹಾಕಿ, ನಮ್ಮ ಊರಿನ ಪೇಟೆಗೂ ಮಿಲ್ಲಿನ ಗೇಟಿಗೂ ಬಹು ದೂರದ ಸಂಗತಿಯೇ ಸರಿ.

ಆದರೆ ನಾನು ಬೋನಸ್ಸಿನ ಮಾತನ್ನು ತಪ್ಪಿಸಿಕೊಳ್ಳಲೆಂದು ಈ ವಿಷಯವನ್ನು ಆರಿಸಿಕೊಂಡಿಲ್ಲ. ಈ ಆಟದ ಕಥೆಯಲ್ಲಿ ಕೂಲಿ ಉಂಟು, ಬಾಡಿಗೆ ಉಂಟು, ಯಜಮಾನಿಕೆ ಉಂಟು, ಮುಷ್ಕರವೂ ಉಂಟು. ಮುಷ್ಕರ ಮುರಿಯಲು ಬನ್ನಿ ಎಂದು ಕರೆ ಬಂದಾಗ ಬರುವುದಿಲ್ಲ ಎಂದು ಹೇಳಿದ ಶಾಲೆಯ ಹುಡುಗಿಯರೂ ಉಂಟು. ಆ ಹುಡುಗಿಯರ ಮಾತನ್ನು ನಿಮ್ಮ ಮುಂದೆ ಇಡಬೇಕೆಂಬ ಆಸೆಯಿಂದಲೇ ಬಂದಿದ್ದೇನೆ.

ಮೊದಲು ಆಟದ ಪರಿಚಯ ನಾಲ್ಕು ಮಾತಿನಲ್ಲಿ ಮಾಡಿಕೊಡುತ್ತೇನೆ. ಉತ್ತರ ಅಮೆರಿಕದ ಐಸ್ ಹಾಕಿಯ ಅಂಗಳಕ್ಕೆ ರಿಂಕು ಎನ್ನುತ್ತಾರೆ. ಉದ್ದ 200 ಅಡಿ, ಅಗಲ 85 ಅಡಿ. ಸುತ್ತ ಎದೆಯೆತ್ತರದ ಹಲಗೆಯ ಗೋಡೆ. ಒಂದೊಂದು ಕಡೆಗೆ ಆರು ಜನ, ಅವರಲ್ಲಿ ಒಬ್ಬರು ಗೋಲು ಕಾಯುವವರು. ಕಾಲಿಗೆ ಉಕ್ಕಿನ ಅಲಗು ಕೂರಿಸಿದ ಬೂಟು, ಅದೇ ಸ್ಕೇಟು. ಚೆಂಡಿನ ಬದಲು ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. ಅದಕ್ಕೆ ಪಕ್ ಎಂದು ಹೆಸರು. ಇಪ್ಪತ್ತು ನಿಮಿಷದ ಮೂರು ಪಾಳಿ ಆಟ. ಆಟಗಾರರು ದಣಿಯುವುದು ಎಷ್ಟು ಬೇಗವೆಂದರೆ ನಿಮಿಷಕ್ಕೊಮ್ಮೆ ಒಂದು ಗುಂಪು ಹೊರಗೆ ಬಂದು ಇನ್ನೊಂದು ಗುಂಪು ಒಳಗೆ ಹೋಗುತ್ತದೆ. ಈ ಸರದಿಗೆ ಅವರು ಇಟ್ಟ ಹೆಸರು ಶಿಫ್ಟು. ಶಿಫ್ಟು ಎಂದರೇನೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಹೊಳೆ ಹೆಪ್ಪುಗಟ್ಟುವ ಊರಿನಲ್ಲಿ ಚಳಿಗಾಲದ ಐಸಿಗೆ ಬಾಡಿಗೆ ಇಲ್ಲ. ಆದರೆ ಪಂದ್ಯಗಳು ನಿಯಮದಂತೆ ನಡೆಯಬೇಕಾದರೆ ಕಟ್ಟಡ ಬೇಕು, ತಣ್ಣಗೆ ಇಡುವ ಯಂತ್ರ ಬೇಕು, ವಿದ್ಯುತ್ತು ಬೇಕು. ಆಗ ಐಸು ಗಂಟೆಯ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಸಂತೆಯಲ್ಲಿ ಬೀದಿಯ ಮೂಲೆಯ ಜಾಗಕ್ಕೂ ಹಿಂಬದಿಯ ಜಾಗಕ್ಕೂ ಇರುವ ವ್ಯತ್ಯಾಸ ಇಲ್ಲಿ ಕುಳಿತಿರುವ ವರ್ತಕ ಮಿತ್ರರಿಗೆ ಗೊತ್ತು. ಐಸಿನಲ್ಲಿಯೂ ಹಾಗೆಯೇ. ಸಂಜೆ ಆರು ಗಂಟೆಯ ಐಸು ಬೇರೆ, ಬೆಳಗಿನ ಜಾವದ ಐಸು ಬೇರೆ. ಯಾರಿಗೆ ಯಾವ ಗಂಟೆ ಸಿಗುತ್ತದೆ ಎಂಬ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಇಡೀ ಕಥೆ ಅದರ ಸುತ್ತಲೇ ಸುತ್ತುತ್ತದೆ.

'ಹವ್ಯಾಸಿ' ಎಂಬ ಮಾತಿನ ಹುಟ್ಟು

ಇನ್ನೊಂದು ಮಾತನ್ನೂ ಮೊದಲೇ ಬಿಡಿಸಿ ನೋಡೋಣ. ದುಡ್ಡಿಗಾಗಿ ಅಲ್ಲ, ಪ್ರೀತಿಗಾಗಿ ಆಡುವವರನ್ನು ಹವ್ಯಾಸಿ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅಮೆಚೂರ್. ಕೇಳಲು ಹಿತವಾದ ಮಾತು. ಆದರೆ ಇದು ಮೊದಲು ಕಾನೂನಾಗಿ ಬಂದದ್ದು ಹೇಗೆ? 1866ರಲ್ಲಿ ಇಂಗ್ಲೆಂಡಿನ ಅಮೆಚೂರ್ ಅಥ್ಲೆಟಿಕ್ ಕ್ಲಬ್ಬು ಹವ್ಯಾಸಿ ಯಾರು ಎಂದು ನಿಯಮ ಬರೆಯಿತು. ಅದರ ಪ್ರಕಾರ ಯಂತ್ರದ ಕೆಲಸದವನು, ಕುಶಲಕರ್ಮಿ, ಕೂಲಿಯವನು ಹವ್ಯಾಸಿ ಆಗಲಾರ. ಅವನು ಆಟಕ್ಕೆ ಒಂದು ಕಾಸು ಪಡೆಯದಿದ್ದರೂ ಸರಿಯೆ, ಕೈ ದುಡಿಮೆಯವನು ಎಂಬುದೇ ಸಾಕು. ಹೆನ್ಲಿಯ ದೋಣಿ ಪಂದ್ಯದವರು ಇಂಥದೇ ನಿಯಮವನ್ನು 1937ರವರೆಗೆ ಉಳಿಸಿಕೊಂಡಿದ್ದರು.

ಎಂದರೆ ಈ ಮಾತು ಹುಟ್ಟಿದ್ದು ದುಡಿಯುವವನನ್ನು ಹೊರಗಿಡಲು. ಮನೆಯಲ್ಲಿ ಆಸ್ತಿ ಇದ್ದವನು ಪ್ರೀತಿಗಾಗಿ ಆಡಬಲ್ಲ. ಒಂದು ದಿನದ ಕೂಲಿ ತಪ್ಪಿದರೆ ಒಲೆ ಹೊತ್ತದವನು ಪಂದ್ಯದ ದಿನ ಏನು ಮಾಡಬೇಕು? ಮುಂದೆ ನಿಯಮದ ಅಕ್ಷರ ಹೋಯಿತು, ಅದರ ವಾಸನೆ ಉಳಿಯಿತು. ಅದನ್ನು ಬಹಳ ಕಾಲ ಹೊತ್ತವರು ಹೆಂಗಸರು. ಗಂಡಸಿನ ಆಟ ಉದ್ಯೋಗವಾದ ಮೇಲೂ ಹೆಂಗಸಿನ ಆಟ 'ಪ್ರೀತಿ'ಯಾಗಿಯೇ ಇರಬೇಕೆಂದು ಹೇಳಿದರು. ಮನೆಯ ಅಡಿಗೆಗೆ ಪ್ರೀತಿ ಎಂದು ಹೆಸರಿಟ್ಟು, ಅದೇ ಅಡಿಗೆಗೆ ಹೋಟೆಲಿನಲ್ಲಿ ಬಿಲ್ಲು ಬರೆಯುವಂತೆ.

ಪ್ರೆಸ್ಟನ್ ಊರಿನ ಹುಡುಗಿಯರು

ಕೆನಡಾದಲ್ಲಿ ಹೆಂಗಸರು ಈ ಆಟ ಆಡಲು ಹಿಡಿದದ್ದು ನಿನ್ನೆ ಮೊನ್ನೆಯಲ್ಲ. 1890ರ ಸುಮಾರಿನಲ್ಲಿಯೇ ಆಟ್ಟಾವಾದಲ್ಲಿ ಗವರ್ನರ್ ಜನರಲ್ಲರ ಮನೆಯ ಐಸಿನ ಮೇಲೆ ಅವರ ಮಗಳು ಇಸಾಬೆಲ್ ಸ್ಟಾನ್ಲಿ ಗೆಳತಿಯರೊಂದಿಗೆ ಆಡುತ್ತಿದ್ದಳು. ಉದ್ದ ಲಂಗ ಉಟ್ಟು ಆಡುತ್ತಿರುವ ಛಾಯಾಚಿತ್ರವೂ ಉಳಿದಿದೆ. ಅವಳ ತಂದೆ ಕೊಟ್ಟ ಬಟ್ಟಲೇ ಗಂಡಸರ ಐಸ್ ಹಾಕಿಯ ಜಗತ್ಪ್ರಸಿದ್ಧ ಸ್ಟಾನ್ಲಿ ಕಪ್ಪು. ಮಗಳಿಗೆ ಐಸು ಸಿಕ್ಕಿದ್ದು ಅದು ಅಪ್ಪನ ಮನೆಯ ಅಂಗಳವಾದ್ದರಿಂದ.

ಅಪ್ಪನ ಅಂಗಳ ಇಲ್ಲದವರ ಕಥೆ ನನಗೆ ಹೆಚ್ಚು ಇಷ್ಟ. ಒಂಟೋರಿಯೊ ಪ್ರಾಂತದಲ್ಲಿ ಪ್ರೆಸ್ಟನ್ ಎಂಬ ಸಣ್ಣ ಊರು. ಹೊಳೆಯ ದಂಡೆಯಲ್ಲಿ ಬಟ್ಟೆಯ ಗಿರಣಿಗಳು, ಮರದ ಸಾಮಾನಿನ ಕಾರ್ಖಾನೆಗಳು. ಈಗ ಅದು ಕೇಂಬ್ರಿಜ್ ಎಂಬ ನಗರದ ಭಾಗ, 1973ರಲ್ಲಿ ಸೇರಿಸಿದರು. 1931ರಲ್ಲಿ, ಕೆಲಸ ಹೋಗಿ ಲಕ್ಷಾಂತರ ಜನ ಬೀದಿಗೆ ಬಿದ್ದ ಆ ಕೆಟ್ಟ ಕಾಲದಲ್ಲಿ, ಬೇಸಿಗೆಯಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದ ಅಲ್ಲಿಯ ಹುಡುಗಿಯರು ಚಳಿಗಾಲಕ್ಕೆ ಹಾಕಿಯ ತಂಡ ಕಟ್ಟಿದರು. ಹೆಸರು ರಿವುಲೆಟ್ಸ್, ಎಂದರೆ ಪುಟ್ಟ ತೊರೆಗಳು. ಹಿಲ್ಡಾ ರಾನ್ಸ್‌ಕೂಂಬ್ ಮತ್ತು ಅವಳ ಸೋದರಿ ನೆಲ್ಲಿ ಆ ತಂಡದ ಬೆನ್ನೆಲುಬು. ನೆಲ್ಲಿ ಗೋಲು ಕಾಯುವವಳು, ಹಿಲ್ಡಾ ಗೋಲು ಹೊಡೆಯುವವಳು. 1940ರವರೆಗೆ ಒಂಟೋರಿಯೊದಲ್ಲಿ ಅವರನ್ನು ಮಣಿಸಿ ಪದವಿ ಕಿತ್ತುಕೊಂಡವರಿಲ್ಲ. 1933ರಲ್ಲಿ ಇಡೀ ದೇಶದ ಪದವಿಗಾಗಿ ಪಶ್ಚಿಮದ ಎಡ್ಮಂಟನ್ನಿಗೆ ಹೋಗಿ ಅಲ್ಲಿಯ ರಸ್ಲರ್ಸ್ ತಂಡಕ್ಕೆ ಸೋತರು. ಆದರೆ ಮುಂದಿನ ವರ್ಷಗಳಲ್ಲಿ ದೇಶದ ಪದವಿಯನ್ನೂ ಮತ್ತೆ ಮತ್ತೆ ಗೆದ್ದರು.

ಅವರು ಗೆಲ್ಲುತ್ತಿದ್ದ ಒಂಟೋರಿಯೊ ಬಹುಮಾನಕ್ಕೆ ಬಾಬಿ ರೋಸೆನ್‌ಫೆಲ್ಡ್ ಎಂಬವಳ ಹೆಸರು. ಇವಳ ಕಥೆಯೂ ಕೇಳತಕ್ಕದ್ದು. ಹುಟ್ಟಿದ್ದು ರಷ್ಯದ ಸಾಮ್ರಾಜ್ಯದಲ್ಲಿ, ಈಗಿನ ಯುಕ್ರೇನಿನಲ್ಲಿ, ಯೆಹೂದಿ ಮನೆತನದಲ್ಲಿ. ಕೈಗೂಸಾಗಿ ಕೆನಡಾಕ್ಕೆ ಬಂದಳು. ಟೊರಾಂಟೊದ ಒಂದು ಚಾಕೊಲೇಟ್ ಕಾರ್ಖಾನೆಯಲ್ಲಿ ಶೀಘ್ರಲಿಪಿಯ ಕೆಲಸ. ಕೆಲಸ ಮಾಡುತ್ತಲೇ ಓಟ ಓಡಿದಳು, ಹಾಕಿ ಆಡಿದಳು. 1928ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸಿನಲ್ಲಿ ನಾಲ್ವರ ಓಟದಲ್ಲಿ ಚಿನ್ನ, ನೂರು ಮೀಟರಿನಲ್ಲಿ ಬೆಳ್ಳಿ ತಂದಳು. ಸಂಧಿವಾತ ಬಂದು ಆಟ ಬಿಡಬೇಕಾದ ಮೇಲೆ ಒಂಟೋರಿಯೊ ಹೆಂಗಸರ ಹಾಕಿ ಸಂಘವನ್ನು ನಡೆಸಿದಳು, ಪತ್ರಿಕೆಯಲ್ಲಿ ಆಟದ ಅಂಕಣ ಬರೆದಳು. ದುಡಿಯುವ ಹೆಂಗಸರಿಗೆ ಆಟ ಬೇಕಾಗಿಲ್ಲ ಎನ್ನುವವರಿಗೆ ಇವಳ ಹೆಸರನ್ನು ಹೇಳಿದರೆ ಸಾಕು.

ಯುದ್ಧ ಬಂದಿತು. ದೂರದ ಊರಿಗೆ ಹೋಗುವುದು ಕಷ್ಟವಾಯಿತು. 1940ರಲ್ಲಿ ರಿವುಲೆಟ್ಸ್ ತಂಡ ಮುಚ್ಚಿತು. ಯುದ್ಧ ಮುಗಿದ ಮೇಲೆ ಗಂಡಸರ ಆಟ ಮೊದಲಿಗಿಂತ ದೊಡ್ಡದಾಗಿ ಎದ್ದು ನಿಂತಿತು. ಆದರೆ ಹೆಂಗಸರ ಆಟಕ್ಕೆ ಐಸು ತಿರುಗಿ ಬರಲಿಲ್ಲ. ಊರೂರಿನ ರಿಂಕುಗಳಲ್ಲಿ ಗಂಟೆಗಳನ್ನು ಹುಡುಗರ ತಂಡಗಳಿಗೆ ಹಂಚಿಬಿಟ್ಟರು. ಯುದ್ಧಕಾಲದಲ್ಲಿ ಕಾರ್ಖಾನೆಗೆ ಕರೆದ ಹೆಂಗಸರನ್ನು ಶಾಂತಿ ಬಂದೊಡನೆ ಮನೆಗೆ ಕಳಿಸಿದ ಕಾಲವೂ ಅದೇ.

ಜನ್ಮಪತ್ರದಲ್ಲಿ ಸಿಕ್ಕಿಬಿದ್ದವಳು

1955ರ ಚಳಿಗಾಲದಲ್ಲಿ ಟೊರಾಂಟೊದ ಹುಡುಗರ ಹಾಕಿ ಲೀಗಿಗೆ ಆಬ್ ಹಾಫ್‌ಮನ್ ಎಂಬ ಎಂಟು ವರ್ಷದ ಮಗು ಹೆಸರು ಕೊಟ್ಟಿತು. ಕೂದಲು ಗಿಡ್ಡ. ಕಾಪುದಿರಿಸು ಹಾಕಿದ ಮೇಲೆ ಯಾರು ಯಾರೆಂದು ಗೊತ್ತಾಗುವುದಿಲ್ಲ. ರಕ್ಷಣೆಯ ಆಟದಲ್ಲಿ ಆ ಮಗು ಎಷ್ಟು ಗಟ್ಟಿಯೆಂದರೆ ವಿಶೇಷ ಪಂದ್ಯಕ್ಕೆ ಆಯ್ಕೆಯಾಯಿತು. ಆಯ್ಕೆಗೆ ಜನ್ಮಪತ್ರ ತೋರಿಸಬೇಕಾಗಿ ಬಂತು. ಪತ್ರದಲ್ಲಿ ಇದ್ದ ಹೆಸರು ಅಬಿಗೇಲ್. ಹುಡುಗಿ! ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಎಲ್ಲರೂ ಮೆಚ್ಚಿದರು. ಆದರೆ ಮುಂದಿನ ವರ್ಷಗಳಲ್ಲಿ ಹುಡುಗರ ಲೀಗಿನ ಬಾಗಿಲು ಅವಳಿಗೆ ತೆರೆಯಲಿಲ್ಲ. ಅವಳು ಓಟಕ್ಕೆ ಹೋದಳು. 1964ರಿಂದ 1976ರವರೆಗೆ ನಾಲ್ಕು ಒಲಿಂಪಿಕ್ಸುಗಳಲ್ಲಿ ಓಡಿದಳು. 1976ರಲ್ಲಿ ಮಾಂಟ್ರಿಯಲಿನಲ್ಲಿ ದೇಶದ ಬಾವುಟ ಹಿಡಿದು ಮುಂದೆ ನಡೆದವಳು ಅವಳೇ. 1982ರಲ್ಲಿ ಕೆನಡಾದ ಹೆಂಗಸರ ರಾಷ್ಟ್ರೀಯ ಹಾಕಿ ಪಂದ್ಯಾವಳಿ ಆರಂಭವಾದಾಗ ಬಟ್ಟಲಿಗೆ ಅವಳ ಹೆಸರನ್ನೇ ಇಟ್ಟರು. ಮೊದಲು ಆಟದಿಂದ ಹೊರಗೆ, ಆಮೇಲೆ ಬಟ್ಟಲಿನ ಮೇಲೆ ಹೆಸರು!

ಮೂವತ್ತು ವರ್ಷದ ಮೇಲೆ ಇನ್ನೊಬ್ಬ ಹುಡುಗಿ ವೇಷ ಹಾಕದೆ ನೇರವಾಗಿ ಕೇಳಿದಳು. ಜಸ್ಟೀನ್ ಬ್ಲೇನಿ ಅವಳ ಹೆಸರು. ಹುಡುಗರ ತಂಡಕ್ಕೆ ಆಯ್ಕೆಯಾದರೂ ಸಂಘ ಆಡಗೊಡಲಿಲ್ಲ. ಒಂಟೋರಿಯೊದ ಮಾನವ ಹಕ್ಕುಗಳ ಕಾನೂನಿನಲ್ಲಿಯೇ ಒಂದು ಕಂಡಿ ಇತ್ತು: ಆಟೋಟದ ವಿಷಯದಲ್ಲಿ ಗಂಡು ಹೆಣ್ಣೆಂಬ ಭೇದ ಮಾಡಬಹುದು ಎಂದು. ಮೊಕದ್ದಮೆ ನಡೆಯಿತು. 1986ರಲ್ಲಿ ಒಂಟೋರಿಯೊದ ಅಪೀಲು ನ್ಯಾಯಾಲಯ ಆ ಕಂಡಿಯನ್ನು ರದ್ದುಮಾಡಿತು. ಅದೇ ವರ್ಷ ದೇಶದ ಸುಪ್ರೀಂ ಕೋರ್ಟು ಎದುರು ಪಕ್ಷದ ಅಪೀಲನ್ನು ಕೇಳಲು ಒಪ್ಪಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡಬಾರದು. ಒಂಟೋರಿಯೊದ ಹೆಂಗಸರ ಹಾಕಿ ಸಂಘವೇ ಈ ಹುಡುಗಿಯ ವಿರುದ್ಧ ನಿಂತಿತು. ಚೆನ್ನಾಗಿ ಆಡುವ ಹುಡುಗಿಯರು ಹುಡುಗರ ಕಡೆಗೆ ಹೋದರೆ ತಾವು ಕಷ್ಟಪಟ್ಟು ಕಟ್ಟಿದ ಲೀಗುಗಳು ಬರಿದಾಗುತ್ತವೆ ಎಂಬ ಭಯ ಅವರದು. ಅವರು ದುಷ್ಟರಲ್ಲ. ಇರುವ ಚೂರು ರೊಟ್ಟಿಯನ್ನು ಕಾಯುತ್ತ ಕುಳಿತವರು. ನಮ್ಮ ಸಂಘಗಳಲ್ಲಿಯೂ ಕಾಯಂ ಕೆಲಸಗಾರರು ಬದಲಿ ಕೆಲಸಗಾರರನ್ನು ನೋಡಿ ಹೆದರುವುದನ್ನು ಕಂಡಿಲ್ಲವೆ? ಕೊರತೆ ಇದ್ದಲ್ಲಿ ಒಬ್ಬರ ಹಕ್ಕು ಇನ್ನೊಬ್ಬರಿಗೆ ಕಳ್ಳತನದಂತೆ ಕಾಣುತ್ತದೆ. ಕೊನೆಗೆ ಆದದ್ದೇನು? ಬಾಗಿಲು ತೆರೆದ ಮೇಲೆ ಹುಡುಗಿಯರ ಲೀಗುಗಳು ಬರಿದಾಗಲಿಲ್ಲ. 1990ರ ಸುಮಾರಿನಲ್ಲಿ ಕೆನಡಾದಲ್ಲಿ ಹೆಸರು ನೋಂದಾಯಿಸಿದ ಹೆಣ್ಣು ಆಟಗಾರರು ಸುಮಾರು 8 ಸಾವಿರ. ಈಗ ಅವರ ಸಂಖ್ಯೆ ಒಂದು ಲಕ್ಷವನ್ನು ಮೀರಿದೆ.

ಇದೇ 1990ರಲ್ಲಿ ಆಟ್ಟಾವಾದಲ್ಲಿ ಹೆಂಗಸರ ಮೊದಲನೆಯ ವಿಶ್ವ ಪಂದ್ಯಾವಳಿ ನಡೆಯಿತು. ಎಂಟು ದೇಶಗಳು ಬಂದವು. ಕೆನಡಾದ ತಂಡದ ಬಣ್ಣ ಕೆಂಪು. ಆದರೆ ಜನ ಬರಬೇಕು, ಪತ್ರಿಕೆಯಲ್ಲಿ ಬರಬೇಕೆಂದು ವ್ಯವಸ್ಥಾಪಕರು ತಮ್ಮ ಹುಡುಗಿಯರಿಗೆ ಗುಲಾಬಿ ಬಣ್ಣದ ಉಡುಪು ತೊಡಿಸಿದರು. ದೇಶಕ್ಕಾಗಿ ಆಡುವವರಿಗೆ ಗೊಂಬೆಯ ಬಣ್ಣ! ಅವರು ಅದನ್ನು ತೊಟ್ಟೇ ಅಂತಿಮ ಪಂದ್ಯದಲ್ಲಿ ಅಮೆರಿಕವನ್ನು 5-2ರಿಂದ ಸೋಲಿಸಿದರು. ಸುಮಾರು 9 ಸಾವಿರ ಜನ ಕುಳಿತು ನೋಡಿದರು. 1998ರಲ್ಲಿ ಜಪಾನಿನ ನಗಾನೊದಲ್ಲಿ ಹೆಂಗಸರ ಐಸ್ ಹಾಕಿ ಒಲಿಂಪಿಕ್ಸಿಗೂ ಬಂದಿತು. ಆ ಮೊದಲ ಚಿನ್ನವನ್ನು ಅಮೆರಿಕದವರು ಕೆನಡಾದವರಿಂದ 3-1ರಲ್ಲಿ ಗೆದ್ದರು.

ಹದಿಮೂರು ದಿನಗಳು

ಈಗ ನಾನು ಹೇಳಬೇಕೆಂದು ಬಂದ ಕಥೆ.

ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕದ ಹೆಂಗಸರ ತಂಡಕ್ಕೆ ಆ ದೇಶದ ಹಾಕಿ ಸಂಸ್ಥೆ ಕೊಡುತ್ತಿದ್ದುದೆಷ್ಟು? ಒಲಿಂಪಿಕ್ಸಿಗೆ ಮುಂಚಿನ ಆರು ತಿಂಗಳು, ತಿಂಗಳಿಗೆ 1000 ಡಾಲರ್. ನಾಲ್ಕು ವರ್ಷಕ್ಕೊಮ್ಮೆ 6000 ಡಾಲರ್. ಉಳಿದ ಮೂರೂವರೆ ವರ್ಷ ಸಂಸ್ಥೆಯಿಂದ ಬರುವುದು ಇಲ್ಲವೆನ್ನುವಷ್ಟು ಅಲ್ಪ. ಆದರೆ ಅಭ್ಯಾಸ ಮಾತ್ರ ವರ್ಷ ಪೂರ್ತಿ. ಹಲವರು ಬೇರೆ ಕೆಲಸ ಮಾಡಿಕೊಂಡು ಆಡುತ್ತಿದ್ದರು. ಗಂಡಸರಿಗೆ ಕೊಡುವ ಪ್ರಯಾಣದ ಅನುಕೂಲ ಇವರಿಗಿಲ್ಲ. ಹುಡುಗರ ತರಬೇತಿ ತಂಡಕ್ಕೆ ವರ್ಷಕ್ಕೆ ಸುಮಾರು 35 ಲಕ್ಷ ಡಾಲರ್ ಖರ್ಚಾಗುತ್ತಿದ್ದರೆ ಹುಡುಗಿಯರಿಗೆ ಅಂಥ ಏರ್ಪಾಡೇ ಇಲ್ಲ ಎಂಬುದು ಆಟಗಾರ್ತಿಯರ ದೂರು. ಒಂದು ವರ್ಷಕ್ಕೂ ಹೆಚ್ಚು ಕಾಲ ಮಾತುಕತೆ ನಡೆಸಿದರು. ಫಲ ಕಾಣಲಿಲ್ಲ.

2017ರ ಮಾರ್ಚ್ 15. ಆ ತಿಂಗಳ 31ರಂದು ಮಿಷಿಗನ್ ಪ್ರಾಂತದ ಪ್ಲಿಮತ್ತಿನಲ್ಲಿ, ಅವರದೇ ನೆಲದಲ್ಲಿ, ವಿಶ್ವ ಪಂದ್ಯಾವಳಿ ಶುರುವಾಗಬೇಕು. ನಾಯಕಿ ಮೇಗನ್ ಡಗ್ಗನ್ ಮತ್ತು ಅವಳ ಸಂಗಾತಿಗಳು ಒಟ್ಟಾಗಿ ಪ್ರಕಟಿಸಿದರು: ನ್ಯಾಯವಾದ ಒಪ್ಪಂದ ಆಗದೆ ನಾವು ಐಸಿಗೆ ಇಳಿಯುವುದಿಲ್ಲ. ತಮ್ಮ ಕೆಲಸ ಆಟಗಾರರಿಗೆ ಉದ್ಯೋಗ ಕೊಡುವುದಲ್ಲ ಎಂಬುದು ಸಂಸ್ಥೆಯ ವಾದ. ಈ ಮಾತು ನಿಮಗೆ ಹೊಸದೇ? ಗುತ್ತಿಗೆ ಕೆಲಸಗಾರನಿಗೆ ಕಾರ್ಖಾನೆಯವರು ಹೇಳುವುದೂ ಇದೇ: ನೀನು ನಮ್ಮವನಲ್ಲ.

ಮುಂದೆ ಏನಾಗುತ್ತದೆಂದು ಮುಷ್ಕರ ಕಂಡ ಯಾರಾದರೂ ಹೇಳಬಲ್ಲರು. ಸಂಸ್ಥೆ ಬದಲಿ ಆಟಗಾರರನ್ನು ಹುಡುಕಿತು. ಕಾಲೇಜಿನ ಹುಡುಗಿಯರಿಗೆ ಕರೆ ಹೋಯಿತು. ಆಟ ಬಿಟ್ಟು ಬೇರೆ ಬದುಕಿನಲ್ಲಿ ತೊಡಗಿದ್ದವರಿಗೆ ಕರೆ ಹೋಯಿತು. ಹೈಸ್ಕೂಲಿನ ಹುಡುಗಿಯರಿಗೂ ಕರೆ ಹೋಯಿತು. ದೇಶದ ಅಂಗಿ ತೊಟ್ಟು ವಿಶ್ವ ಪಂದ್ಯ ಆಡಬಹುದು, ಬನ್ನಿ ಎಂದು.

ಸಂಗಾತಿಗಳೆ, ಆ ಹುಡುಗಿಯರ ಜಾಗದಲ್ಲಿ ನಿಂತು ಸ್ವಲ್ಪ ಯೋಚಿಸಿ. ಅವರು ಹವ್ಯಾಸಿಗಳು, ಕೂಲಿಯವರಲ್ಲ. ಬೆಳಗಿನ ಜಾವದ ಐಸಿನಲ್ಲಿ ಹತ್ತು ವರ್ಷ ಕಾಲು ಸವೆಸಿದವರು. ದೇಶದ ತಂಡದ ಅಂಗಿ ಅವರ ಕನಸು. ಹತ್ತಿರ ಹೋಗುವ ಅವಕಾಶವೂ ಸಿಗದ ಎಷ್ಟೋ ಜನ ಅವರಲ್ಲಿದ್ದರು. ಆ ಕನಸು ಫೋನಿನಲ್ಲಿ ತಾನಾಗಿ ಬಂದು ನಿಂತಿದೆ. ಒಪ್ಪಿದರೆ ಯಾರೂ ಜೈಲಿಗೆ ಹಾಕುವುದಿಲ್ಲ. ಒಪ್ಪದಿದ್ದರೆ ಮತ್ತೆ ಆ ಕರೆ ಬರದೆ ಹೋಗಬಹುದು. ಇಷ್ಟಾದರೂ ಅವರು ಒಬ್ಬರ ಮೇಲೊಬ್ಬರು ಇಲ್ಲ ಎಂದರು. ಬರುವುದಿಲ್ಲ ಎಂದು ಬಹಿರಂಗವಾಗಿ ಬರೆದು ಹಾಕಿದರು. ಮುಷ್ಕರ ಹೂಡಿದ ಅಕ್ಕಂದಿರು ಒಬ್ಬೊಬ್ಬರಿಗೂ ತಾವೇ ಫೋನು ಮಾಡಿ ವಿಷಯ ತಿಳಿಸಿದ್ದರು. ಸಂಘಟನೆ ಎಂದರೆ ಬೇರೇನು? ಮಾಲೀಕನ ಕರೆ ಹೋಗುವ ಮುಂಚೆ ಸಂಗಾತಿಯ ಕರೆ ಹೋಗಬೇಕು.

ಗಂಡಸರ ಹಾಕಿ ಆಟಗಾರರ ಸಂಘ, ಬೇಸ್‌ಬಾಲ್, ಬಾಸ್ಕೆಟ್‌ಬಾಲ್ ಆಟಗಾರರ ಸಂಘಗಳು ಬೆಂಬಲ ಸಾರಿದವು. ಸೆನೆಟಿನ ಹಲವು ಸದಸ್ಯರು ಪತ್ರ ಬರೆದರು. ವಕೀಲರು ಫೀಸಿಲ್ಲದೆ ಕೆಲಸ ಮಾಡಿದರು. ಮಾರ್ಚ್ 28ರಂದು, ಪಂದ್ಯಾವಳಿಗೆ ಮೂರೇ ದಿನ ಇರುವಾಗ, ನಾಲ್ಕು ವರ್ಷದ ಒಪ್ಪಂದ ಆಯಿತು. ಹದಿಮೂರು ದಿನದ ಹೋರಾಟ. ಒಪ್ಪಂದದ ಅಂಕಿಗಳನ್ನು ಅಧಿಕೃತವಾಗಿ ಪ್ರಕಟಿಸಲಿಲ್ಲ. ಎಲ್ಲ ಸೇರಿ ಒಬ್ಬಳಿಗೆ ವರ್ಷಕ್ಕೆ 70 ಸಾವಿರ ಡಾಲರಿನವರೆಗೆ ಬರಬಹುದೆಂದು ಪತ್ರಿಕೆಗಳು ವರದಿ ಮಾಡಿದವು. ಪ್ರಯಾಣ ಮತ್ತು ವಿಮೆಯಲ್ಲಿ ಗಂಡಸರಂತೆಯೇ ಅನುಕೂಲ. ಹುಡುಗಿಯರ ಆಟವನ್ನು ಬೆಳೆಸಲು ಒಂದು ಸಮಿತಿ. ಈ ಕೊನೆಯದನ್ನು ಗಮನಿಸಿ. ತಮ್ಮ ಚೀಲ ತುಂಬಿಸಿಕೊಂಡು ಎದ್ದುಹೋಗಲಿಲ್ಲ, ಹಿಂದೆ ಬರುವ ಹುಡುಗಿಯರ ಪಾಲನ್ನೂ ಕೇಳಿ ಪಡೆದರು.

ಪಂದ್ಯಾವಳಿಗೆ ಮುಂಚೆ ಸರಿಯಾದ ಅಭ್ಯಾಸಕ್ಕೂ ಸಮಯವಿರಲಿಲ್ಲ. ಆದರೂ ಏಪ್ರಿಲ್ 7ರಂದು ಅಂತಿಮ ಪಂದ್ಯದಲ್ಲಿ, ಹೆಚ್ಚುವರಿ ಸಮಯದಲ್ಲಿ, ಹಿಲರಿ ನೈಟ್ ಹೊಡೆದ ಗೋಲಿನಿಂದ ಕೆನಡಾವನ್ನು 3-2ರಲ್ಲಿ ಗೆದ್ದರು. ಮರುವರ್ಷ ಕೊರಿಯಾದಲ್ಲಿ ಒಲಿಂಪಿಕ್ ಚಿನ್ನವನ್ನೂ ಗೆದ್ದರು. ಕೂಲಿ ಹೆಚ್ಚಾದರೆ ಕೆಲಸ ಕೆಡುತ್ತದೆ ಎನ್ನುವ ಯಜಮಾನರಿಗೆ ಇದನ್ನು ಯಾರಾದರೂ ಓದಿ ಹೇಳಿ.

ಬರೆದ ಕಾಗದದ ಬೆಲೆ

ಒಂದು ಗೆಲುವಿನಿಂದ ಎಲ್ಲವೂ ಮುಗಿಯಲಿಲ್ಲ. ಕೆನಡಾದ ಹೆಂಗಸರ ಲೀಗು 2007ರಿಂದ ಹತ್ತು ವರ್ಷ ಸಂಬಳವಿಲ್ಲದೆ ನಡೆದು, ಆಮೇಲೆ ಅಲ್ಪಸ್ವಲ್ಪ ಕೊಟ್ಟು, 2019ರಲ್ಲಿ ಬಾಗಿಲು ಹಾಕಿತು. ಅಮೆರಿಕದಲ್ಲಿ 2015ರಲ್ಲಿ ಸಂಬಳ ಕೊಡುತ್ತೇವೆಂದು ಶುರುವಾದ ಇನ್ನೊಂದು ಲೀಗು ಮರುವರ್ಷವೇ ಸಂಬಳಕ್ಕೆ ಕತ್ತರಿ ಹಾಕಿತು. 2019ರ ಮೇ ತಿಂಗಳಲ್ಲಿ 200ಕ್ಕೂ ಹೆಚ್ಚು ಆಟಗಾರ್ತಿಯರು, ಅಮೆರಿಕ ಕೆನಡಾ ಎಂಬ ಭೇದವಿಲ್ಲದೆ, ಬದುಕಲು ಸಾಕಾಗುವ ಸಂಬಳದ ಲೀಗು ಆಗುವವರೆಗೆ ಉತ್ತರ ಅಮೆರಿಕದ ಯಾವ ಲೀಗಿನಲ್ಲಿಯೂ ಆಡುವುದಿಲ್ಲ ಎಂದು ನಿಂತರು. ನಾಲ್ಕು ವರ್ಷ ಊರಿಂದೂರಿಗೆ ಪ್ರದರ್ಶನ ಪಂದ್ಯ ಆಡುತ್ತ ಕಾದರು.

2023ರಲ್ಲಿ ಹೊಸ ಲೀಗಿಗೆ ಹಣ ಹಾಕುವವರು ಬಂದರು. ಈ ಸಲ ಹೆಂಗಸರು ಮೊದಲು ಯೂನಿಯನ್ನು ಕಟ್ಟಿದರು, ಸಾಮೂಹಿಕ ಒಪ್ಪಂದಕ್ಕೆ ಸಹಿ ಪಡೆದರು, ಆಮೇಲೆ ಐಸಿಗೆ ಇಳಿದರು. 2031ರವರೆಗಿನ ಒಪ್ಪಂದ ಅದು. ಕನಿಷ್ಠ ಸಂಬಳ 35 ಸಾವಿರ ಡಾಲರ್. ಒಂದೊಂದು ತಂಡದಲ್ಲಿ ಕಡೆಯ ಪಕ್ಷ ಆರು ಜನಕ್ಕೆ 80 ಸಾವಿರಕ್ಕೆ ಕಡಿಮೆಯಿಲ್ಲ. 2024ರ ಜನವರಿ 1ರಂದು ಟೊರಾಂಟೊದಲ್ಲಿ ಮೊದಲ ಪಂದ್ಯ ನಡೆಯಿತು. ಆ ವರ್ಷದ ಏಪ್ರಿಲಿನಲ್ಲಿ ಮಾಂಟ್ರಿಯಲಿನಲ್ಲಿ ಒಂದು ಪಂದ್ಯಕ್ಕೆ 21,105 ಜನ ಬಂದರು. ಹೆಂಗಸರ ಆಟವನ್ನು ಯಾರು ನೋಡುತ್ತಾರೆ ಎಂಬ ಹಳೆಯ ಪ್ರಶ್ನೆಗೆ ಅದು ಉತ್ತರ.

ನಾನು ಇದನ್ನು ಸ್ವರ್ಗವೆಂದು ಹೇಳುವುದಿಲ್ಲ. ಲೀಗಿನ ತಂಡಗಳೆಲ್ಲ ಒಂದೇ ಬಂಡವಾಳದ ಕೈಯಲ್ಲಿವೆ. ಬಂಡವಾಳ ಲಾಭ ಕಂಡಲ್ಲಿ ನಿಲ್ಲುತ್ತದೆ, ಕಾಣದಲ್ಲಿ ಎದ್ದುಹೋಗುತ್ತದೆ. ಆದರೆ ಬಾಯಿಮಾತಿನ ಕೃಪೆಗೂ ಸಹಿಯಾದ ಕಾಗದಕ್ಕೂ ಇರುವ ಅಂತರ ದುಡಿಯುವವರಿಗೆ ಗೊತ್ತು.

ಮತ್ತೆ ಸಂಬಳ ಬಂದದ್ದು ಕೆಲವೇ ನೂರು ಜನಕ್ಕೆ. ಉಳಿದ ಒಂದು ಲಕ್ಷ ಜನ ಹವ್ಯಾಸಿಗಳು. ಶಾಲೆಯ ಹುಡುಗಿಯರು, ನರ್ಸುಗಳು, ಅಂಗಡಿಯವರು, ಮಕ್ಕಳ ತಾಯಂದಿರು. ಅವರಿಗೆ ಬೇಕಾದದ್ದು ಸಂಬಳವಲ್ಲ, ಐಸಿನ ಗಂಟೆ. 2009ರಲ್ಲಿ ಟೊರಾಂಟೊದಲ್ಲಿ ಅದರದೇ ಜಗಳ ಎದ್ದಿತು. ನಗರದ ಜನರ ತೆರಿಗೆಯಿಂದ ಕಟ್ಟಿದ ರಿಂಕುಗಳಲ್ಲಿಯೇ ಹುಡುಗಿಯರ ಸಂಘಕ್ಕೆ ಸಾಕಷ್ಟು ಗಂಟೆ ಸಿಗದೆ ಅವರು ಊರ ಹೊರಗೆ ಐಸು ಹುಡುಕಿಕೊಂಡು ಹೋಗಬೇಕಾಗಿತ್ತು. ಯಾರೂ ಬರಬೇಡಿ ಎಂದಿರಲಿಲ್ಲ. ಹಿಂದಿನ ವರ್ಷ ಯಾರಿಗೆ ಇತ್ತೋ ಅವರಿಗೇ ಈ ವರ್ಷವೂ ಎಂಬ ಪದ್ಧತಿ ನಡೆದುಬಂದಿತ್ತು, ಅಷ್ಟೆ. ತಾಯಿತಂದೆಯರು ಎದ್ದು ಕೇಳಿದ ಮೇಲೆ, ನ್ಯಾಯವಾಗಿ ಹಂಚಬೇಕೆಂಬ ತನ್ನ ನಿಯಮವನ್ನು ಪಾಲಿಸಲು ನಗರಸಭೆ ಆ ರಿಂಕುಗಳ ಮಂಡಳಿಗಳಿಗೆ ತಾಕೀತು ಮಾಡಿತು. ನಿಯಮ ಪುಸ್ತಕದಲ್ಲಿ ಮೊದಲೇ ಇತ್ತು. ಕೇಳುವವರು ಇರಲಿಲ್ಲ.

ನಮ್ಮ ದೇಶದ ಐಸು

ನಮ್ಮ ದೇಶದಲ್ಲಿಯೂ ಈ ಆಟ ಉಂಟು. ಲಡಾಖಿನಲ್ಲಿ ಚಳಿಗಾಲದ ಎರಡು ತಿಂಗಳು ಕೆರೆಗಳು ಗಟ್ಟಿಯಾಗುತ್ತವೆ. ಗಂಡಸರು ಬಹುಕಾಲದಿಂದ ಆಡುತ್ತಿದ್ದರು. ಹುಡುಗಿಯರು ಅಣ್ಣತಮ್ಮಂದಿರ ಹಳೆಯ ಸ್ಕೇಟು ಇಸಿದುಕೊಂಡು ಶುರುಮಾಡಿದರು. ಲೇಹ್ ಸಮೀಪದ ಸೆಕ್ಮೋಲ್ ಶಾಲೆಯಲ್ಲಿ ನೀರು ಹಾಯಿಸಿ ಐಸು ಕಟ್ಟಿ ಹುಡುಗಿಯರಿಗೂ ಆಟ ಕಲಿಸಿದರು. 2016ರಲ್ಲಿ ಭಾರತದ ಹೆಂಗಸರ ತಂಡ ಮೊದಲ ಬಾರಿ ಏಷ್ಯದ ಪಂದ್ಯಾವಳಿಗೆ ತೈಪೇಗೆ ಹೋಯಿತು. ಹೋಗುವ ಖರ್ಚಿಗೆ ಜನರಿಂದ ಚಂದಾ ಎತ್ತಬೇಕಾಯಿತು. ತಂಡದಲ್ಲಿದ್ದವರು ಹೆಚ್ಚಾಗಿ ಲಡಾಖಿನ ಹುಡುಗಿಯರು. ಆ ವರ್ಷ ಒಂದೂ ಗೆಲ್ಲಲಿಲ್ಲ. 2017ರಲ್ಲಿ ಬ್ಯಾಂಕಾಕಿನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4-3ರಲ್ಲಿ ಸೋಲಿಸಿ ಮೊದಲ ಗೆಲುವು ಕಂಡರು. 2025ರಲ್ಲಿ ಅರಬ್ ಸಂಸ್ಥಾನಗಳ ಅಲ್ ಐನ್ ನಗರದಲ್ಲಿ ನಡೆದ ಏಷ್ಯ ಕಪ್ಪಿನಲ್ಲಿ ಕಂಚು ತಂದರು. ವರ್ಷದಲ್ಲಿ ಎರಡು ತಿಂಗಳ ಕೆರೆಯ ಐಸಿನ ಬಲದಿಂದ ಬೆಳೆದವರು, ಹನ್ನೆರಡು ತಿಂಗಳೂ ಯಂತ್ರದ ಐಸು ಇರುವ ದೇಶಗಳ ಎದುರಿಗೆ ನಿಂತರು. ಇವರಿಗೂ ನಾವು 'ಪ್ರೀತಿಗಾಗಿ ಆಡುವವರು' ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆಯೆ?

ಸಂಗಾತಿಗಳೆ, ನಮ್ಮ ಊರಿನಲ್ಲಿ ಐಸಿಲ್ಲ. ಆದರೆ ಮೈದಾನ ಉಂಟು. ಸಂಜೆ ಐದರಿಂದ ಏಳರವರೆಗೆ ಅಲ್ಲಿ ಯಾರು ಆಡುತ್ತಾರೆಂದು ನಿಮಗೆ ಗೊತ್ತು. ಹುಡುಗಿಯರು ಬರಬಾರದು ಎಂದು ಯಾವ ಹಲಗೆಯೂ ಇಲ್ಲ. ಅವರಿಗೆ ಸಮಯವೂ ಇಲ್ಲ. ನಡೆದುಬಂದ ಪದ್ಧತಿ, ಅಷ್ಟೆ. ಹೀಗೆ ಹೇಳುವ ನಾನೂ ಇಪ್ಪತ್ತು ವರ್ಷ ಆ ಮೈದಾನದಲ್ಲಿ ಆಡಿದವನು. ನನ್ನ ತಂಗಿ ಗೋಡೆಯ ಆಚೆ ನನ್ನ ಸೈಕಲ್ಲು ಕಾಯುತ್ತ ನಿಂತಿರುತ್ತಿದ್ದಳು. ನಿನಗೂ ಆಡಬೇಕೆನಿಸುತ್ತದೆಯೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಈ ಭಾಷಣಕ್ಕೆಂದು ಓದುತ್ತಿದ್ದಾಗ ಮೊನ್ನೆ ಕೇಳಿದೆ. "ಈಗ ಕೇಳುತ್ತೀಯಾ?" ಎಂದಳು. ಅವಳ ಮೊಣಕಾಲು ಈಗ ನೋಯುತ್ತದೆ.

ಅದಕ್ಕಾಗಿ ಈ ಸಭೆಯ ಮುಂದೆ ಒಂದು ಸೂಚನೆ ಇಡುತ್ತೇನೆ. ವಾರದಲ್ಲಿ ಎರಡು ಸಂಜೆ, ಬೆಳಕಿರುವ ಹೊತ್ತಿನಲ್ಲಿ, ಮೈದಾನವನ್ನು ಹುಡುಗಿಯರಿಗೆ ಬಿಟ್ಟುಕೊಡಬೇಕೆಂದು ನಮ್ಮ ಯೂನಿಯನ್ನೂ ವರ್ತಕರ ಸಂಘವೂ ಒಟ್ಟಾಗಿ ಪುರಸಭೆಗೆ ಮನವಿ ಕೊಡಬೇಕು. ಮನವಿ ಕೊಡುವ ಮುಂಚೆ ನಮ್ಮ ನಮ್ಮ ಮನೆಯ ಹುಡುಗರಿಗೆ ಜಾಗ ಬಿಡುವಂತೆ ನಾವೇ ಹೇಳಬೇಕು. ಪುರಸಭೆಗೆ ಬರೆಯುವುದು ಸುಲಭ, ಮನೆಯಲ್ಲಿ ಹೇಳುವುದು ಕಷ್ಟ. ಆದರೆ ಕನಸಿನ ಅಂಗಿಯನ್ನೇ ಬೇಡವೆಂದ ಶಾಲೆಯ ಹುಡುಗಿಯರ ಮುಂದೆ, ಎರಡು ಸಂಜೆ ಬಿಟ್ಟುಕೊಡುವುದು ನಮಗೆ ದೊಡ್ಡ ತ್ಯಾಗವೆನಿಸಬಾರದು.

 ಮೊದಲು ನಕ್ಕ ಮಿತ್ರರು ಕೊನೆಯವರೆಗೆ ಕುಳಿತಿದ್ದಾರೆ. ಸೂಚನೆಯನ್ನು ಅವರೇ ಅನುಮೋದಿಸಬೇಕೆಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.